ತಡವಾಗಿ ಬೇಯುವ ಮಿದುಳು, ಬೇಗ ಮುಗಿಯುವ ಬೆರಳು

ಕಳೆದ ತಿಂಗಳು ಚಿತ್ರದುರ್ಗದಿಂದ ನಮ್ಮಕ್ಕ ವಾಟ್ಸಾಪಿನಲ್ಲಿ ಒಂದು ಪಿಡಿಎಫ್ ಕಳಿಸಿದಳು. ಬಣ್ಣಬಣ್ಣದ ಮೂವತ್ತು ಚಿಲ್ಲರೆ ಪುಟ. ಅವಳ ಮಗನಿಗೆ ಈಗ ಐದು ವರ್ಷ, ಯುಕೆಜಿ. ಅವನ ಹತ್ತೂ ಬೆರಳಿನ ಅಚ್ಚು ತೆಗೆದುಕೊಂಡು, ಮಿದುಳಲ್ಲಿ ಹುಟ್ಟಿನಿಂದಲೇ ಏನೇನಿದೆ ಅಂತ ಯಾರೋ ಲೆಕ್ಕ ಹಾಕಿ ಕೊಟ್ಟಿದ್ದರು. ಗಣಿತ ಇಷ್ಟು, ಸಂಗೀತ ಇಷ್ಟು, ಎಡ ಮಿದುಳು ಇಷ್ಟು, ಬಲ ಮಿದುಳು ಇಷ್ಟು. ಎಲ್ಲವೂ ಶೇಕಡಾ ಲೆಕ್ಕ, ದಶಮಾಂಶ ಸಮೇತ. ಕೊನೆಯ ಪುಟದಲ್ಲಿ ಹುಡುಗ ಮುಂದೆ ಸೈನ್ಸ್ ತಗೊಳ್ಳಬೇಕೋ ಕಾಮರ್ಸೋ ಎಂಬ ಸಲಹೆ ಬೇರೆ. ಅವನು ಇನ್ನೂ ಶೂ ಲೇಸ್ ಕಟ್ಟೋದು ಕಲಿತಿಲ್ಲ.

"ಸೈಂಟಿಫಿಕ್ ಅಂತೆ ಕಣೋ. ಜೀನ್ಸ್ ಮೇಲೆ ಹೇಳ್ತಾರಂತೆ. ನೀನು ಬಯಾಲಜಿ ಪಾಠ ಮಾಡ್ತೀಯಲ್ಲ, ಒಂದ್ಸಲ ನೋಡಿ ಹೇಳು" ಎಂದಳು.

ಇದಕ್ಕೆ ಡಿಎಂಐಟಿ ಅಂತ ಹೆಸರು, ಅಂದರೆ ಬೆರಳ ಗೆರೆ ನೋಡಿ ಬುದ್ಧಿ ಅಳೆಯುತ್ತೇವೆ ಎನ್ನುವ ಪರೀಕ್ಷೆ. ದಾವಣಗೆರೆಯಲ್ಲಿರುವ ನನಗೆ ಇದು ಹೊಸದಲ್ಲ. ಇದು ಕಾಲೇಜುಗಳ ಊರು, ಕೋಚಿಂಗ್ ಬೋರ್ಡುಗಳ ಊರು. ಮಗು ಹುಟ್ಟಿದ ದಿನವೇ ನೀಟ್ ರ‍್ಯಾಂಕಿನ ಕನಸು ಶುರುವಾಗುವ ಕಡೆ, 'ಮಗುವಿನ ಮಿದುಳು ಓದಿ ಕೊಡ್ತೀವಿ' ಅಂದರೆ ಗಿರಾಕಿಗಳು ಸಿಗದೇ ಇರುತ್ತಾರಾ? ಅಕ್ಕನೂ ಸಾವಿರಗಟ್ಟಲೆ ಕೊಟ್ಟಿದ್ದಳು. ಎಷ್ಟು ಅಂತ ಭಾವನಿಗೂ ಹೇಳಿಲ್ಲ.

ಆ ಪಿಡಿಎಫ್‌ನ ಎರಡನೇ ಪುಟದಲ್ಲಿ ಒಂದು ವಾದ ಇತ್ತು. ಗರ್ಭದಲ್ಲಿ 13ರಿಂದ 19ನೇ ವಾರದ ನಡುವೆ ಬೆರಳಿನ ಗೆರೆಯೂ ಮಿದುಳೂ ಒಟ್ಟಿಗೆ ಬೆಳೆಯುತ್ತವೆ, ಹಾಗಾಗಿ ಬೆರಳು ನೋಡಿದರೆ ಮಿದುಳು ಗೊತ್ತಾಗುತ್ತದೆ, ಎಂದು. ಇದನ್ನು ಸುಮ್ನೆ ನಕ್ಕು ಬಿಡುವ ಹಾಗಿಲ್ಲ. ಇದರಲ್ಲಿ ಅರ್ಧ ನಿಜ ಇದೆ. ಚರ್ಮದ ಮೇಲ್ಪದರ ಮತ್ತು ನರಮಂಡಲ ಎರಡೂ ಭ್ರೂಣದ ಒಂದೇ ಹೊರಪದರದಿಂದ ಹುಟ್ಟುವಂಥವು. ಬೆರಳ ತುದಿಯ ಗೆರೆಗಳು ಸುಮಾರು ಆ ವಾರಗಳಲ್ಲೇ ಮೂಡುತ್ತವೆ. ಆ ವಾರಗಳಲ್ಲಿ ಮಿದುಳಿನ ಒಳಗೆ ಭಾರಿ ಕೆಲಸ ನಡೆಯುತ್ತಿರುವುದೂ ಹೌದು. ಆದರೆ ಆ ಕೆಲಸ ಏನು ಅಂತ ನೋಡಿದರೆ ಇಡೀ ವಾದ ತಲೆಕೆಳಗಾಗುತ್ತದೆ. ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ವಿಜ್ಞಾನಿಗಳು ಇಲ್ಲಿ ಕಂಡುಕೊಂಡಿರುವ ಸಂಗತಿಗಳು ನನ್ನ ಮಟ್ಟಿಗೆ ಯಾವ ಪತ್ತೇದಾರಿ ಕತೆಗೂ ಕಡಿಮೆ ಇಲ್ಲ.

ಮೊದಲು ಮಟನ್ ಅಂಗಡಿಗೆ ಬನ್ನಿ. ಭಾನುವಾರ ಬೆಳಿಗ್ಗೆ ನಮ್ಮ ಏರಿಯಾದ ಅಂಗಡಿಯಲ್ಲಿ ಸಾಲು ಇರುತ್ತದೆ. ಅಂಗಡಿಯವನು ಸುಟ್ಟ ತಲೆಯನ್ನು ಮರದ ತುಂಡಿನ ಮೇಲಿಟ್ಟು ಮಚ್ಚಿನಿಂದ ಒಂದೇ ಏಟು ಹಾಕುತ್ತಾನೆ. ಬುರುಡೆ ಎರಡು ಹೋಳು. ಹೆಬ್ಬೆರಳಿನಿಂದ ಮೆಲ್ಲಗೆ ಬಿಡಿಸಿ ಭೇಜಾ ತೆಗೆದು ಕವರಿಗೆ ಹಾಕುತ್ತಾನೆ. ತೆಳು ಪೊರೆಯ ಒಳಗೆ ನಸುಗೆಂಪು ಬಿಳಿ ಬಣ್ಣದ ಮುದ್ದೆ. ಅದರ ಮೇಲೆಲ್ಲ ಮಡಿಕೆ. ಹಿಂದುಗಡೆ ಚಿಕ್ಕ ಗಂಟಿನ ಹಾಗೆ ಅನುಮಿದುಳು. ತೂಕ ನೂರು ಚಿಲ್ಲರೆ ಗ್ರಾಂ. ನಾನು ಅದನ್ನೇ ನೋಡುತ್ತಾ ನಿಂತಿದ್ದೆ. "ಭೇಜಾ ಬೇಕಾ ಸರ್, ಸುಮ್ನೆ ನೋಡೋಕಾ?" ಎಂದ.

ನಮ್ಮದೂ ನೋಡಲು ಹೀಗೇ ಇದೆ. ತೂಕ ಮಾತ್ರ ಸುಮಾರು 1,300 ಗ್ರಾಂ. ಬ್ರೆಜಿಲಿನ ವಿಜ್ಞಾನಿ ಸುಝಾನಾ ಹರ್ಕ್ಯುಲಾನೊ-ಹೌಝೆಲ್ ಮತ್ತು ಸಂಗಡಿಗರು ಮಿದುಳನ್ನು ಕರಗಿಸಿ, ಕೋಶಗಳ ಕೇಂದ್ರಗಳನ್ನು ಎಣಿಸಿ 2009ರಲ್ಲಿ ಒಂದು ಲೆಕ್ಕ ಕೊಟ್ಟರು: ಸುಮಾರು 8,600 ಕೋಟಿ ನರಕೋಶ. ಅದರಲ್ಲಿ ಯೋಚನೆ, ಮಾತು, ಯೋಜನೆಗೆಲ್ಲ ಬೇಕಾದ ಹೊರ ತೊಗಟೆಯಲ್ಲಿ 1,600 ಕೋಟಿ. ನಮ್ಮ ಹತ್ತಿರದ ಬಳಗ ಚಿಂಪಾಂಜಿಯ ಮಿದುಳು ನಮ್ಮದರ ಮೂರನೇ ಒಂದು ಭಾಗ ಇದ್ದೀತು. ಅವುಗಳ ದಾರಿ ಮತ್ತು ನಮ್ಮ ದಾರಿ ಬೇರೆಯಾಗಿ 60–70 ಲಕ್ಷ ವರ್ಷ. ನಮ್ಮ ದುರ್ಗದ ಸುತ್ತಮುತ್ತಲಿನ ಬಂಡೆಗಳಿಗೆ 250 ಕೋಟಿ ವರ್ಷಕ್ಕಿಂತ ಜಾಸ್ತಿ ವಯಸ್ಸು. ಆ ಲೆಕ್ಕದಲ್ಲಿ ಇದು ನಿನ್ನೆ ಮೊನ್ನೆಯ ಮಾತು. ಇಷ್ಟು ಕಡಿಮೆ ಸಮಯದಲ್ಲಿ ಮಿದುಳು ಮೂರು ಪಟ್ಟು ಆಗಿದ್ದು ಹೇಗೆ?

ಡಿಎನ್‌ಎ ಅಕ್ಷರಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದರೆ ಚಿಂಪಾಂಜಿಗೂ ನಮಗೂ ಇರುವ ವ್ಯತ್ಯಾಸ ನೂರಕ್ಕೆ ಒಂದು ಚಿಲ್ಲರೆ. 2005ರಲ್ಲಿ ಚಿಂಪಾಂಜಿಯ ಜೀನೋಮ್, ಅಂದರೆ ಇಡೀ ಡಿಎನ್‌ಎ, ಓದಿದಾಗ ಇದು ಖಚಿತವಾಯಿತು. ಆದರೆ ಅದಕ್ಕೂ 30 ವರ್ಷ ಮೊದಲೇ, 1975ರಲ್ಲಿ, ಮೇರಿ-ಕ್ಲೇರ್ ಕಿಂಗ್ ಮತ್ತು ಆಲನ್ ವಿಲ್ಸನ್ ಒಂದು ಮಾತು ಹೇಳಿದ್ದರು. ಸಾಮಾನು ಎರಡೂ ಮನೆಯಲ್ಲಿ ಹೆಚ್ಚುಕಡಿಮೆ ಒಂದೇ. ಯಾವುದನ್ನು ಯಾವಾಗ ಹಾಕುತ್ತಾರೆ, ಎಷ್ಟು ಹೊತ್ತು ಬೇಯಿಸುತ್ತಾರೆ ಎಂಬಲ್ಲೇ ವ್ಯತ್ಯಾಸ ಇರಬೇಕು, ಎಂಬರ್ಥದ ಮಾತು. ಆ ಊಹೆ ಬಹುಪಾಲು ನಿಜವಾಯಿತು.

ಮಿದುಳು ಬೆಳೆಯುವ ಕ್ರಮವನ್ನು ನಮ್ಮ ಚಳ್ಳಕೆರೆ ಕಡೆಯ ಶೇಂಗಾ ರೈತರಿಗೆ ಹೇಳಿದರೆ ಒಂದೇ ನಿಮಿಷದಲ್ಲಿ ಅರ್ಥವಾಗುತ್ತದೆ. ಬಂದ ಶೇಂಗಾವನ್ನೆಲ್ಲ ಗಾಣಕ್ಕೆ ಹಾಕಿದರೆ ಅಲ್ಲಿಗೆ ಮುಗಿಯಿತು. ಬಿತ್ತನೆಗೆ ಅಂತ ಎತ್ತಿಟ್ಟರೆ ಮುಂದಿನ ಫಸಲು ದೊಡ್ಡದು. ಭ್ರೂಣದ ಮಿದುಳಲ್ಲೂ ಎರಡು ಬಗೆಯ ಕೋಶಗಳಿವೆ. ಒಂದು ಬಿತ್ತನೆಯ ಕೋಶ. ಅದು ಒಡೆದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ಇನ್ನೊಂದು ನರಕೋಶ. ಒಮ್ಮೆ ನರಕೋಶ ಆದಮೇಲೆ ಅದು ಮತ್ತೆ ಒಡೆಯುವುದಿಲ್ಲ. ಅದು ಗಾಣಕ್ಕೆ ಹೋದ ಶೇಂಗಾ. ಹಾಗಾಗಿ ಮಿದುಳು ದೊಡ್ಡದಾಗಬೇಕು ಅಂದರೆ ಉಪಾಯ ಒಂದೇ: ಬಿತ್ತನೆ ಕೋಶಗಳು 'ಈಗಲೇ ಬೇಡ, ಇನ್ನೊಂದು ಸುತ್ತು ಆಗಲಿ' ಅಂತ ತಡ ಮಾಡಬೇಕು. ಪ್ರತಿ ಸುತ್ತಿಗೂ ಲೆಕ್ಕ ದುಪ್ಪಟ್ಟು. ಇಲಿಯಲ್ಲಿ ತೊಗಟೆಯ ನರಕೋಶಗಳು ಹುಟ್ಟುವ ಕೆಲಸ ಸುಮಾರು ಒಂದು ವಾರದಲ್ಲಿ ಮುಗಿಯುತ್ತದೆ. ನಮ್ಮಲ್ಲಿ ತಿಂಗಳುಗಟ್ಟಲೆ ನಡೆಯುತ್ತದೆ.

ಈ 'ತಡ'ವನ್ನು ಕಣ್ಣಾರೆ ನೋಡಿದವರೂ ಇದ್ದಾರೆ. ಕೇಂಬ್ರಿಜ್‌ನಲ್ಲಿ ಮ್ಯಾಡಲಿನ್ ಲ್ಯಾಂಕಾಸ್ಟರ್ ಅವರ ತಂಡ ಯಾವ ಬಗೆಯ ಕೋಶವಾಗಿಯೂ ಬೆಳೆಯಬಲ್ಲ ಕಾಂಡಕೋಶಗಳಿಂದ ತಟ್ಟೆಯಲ್ಲಿ ಹೆಸರುಕಾಳಿನಷ್ಟು ದೊಡ್ಡ ಮಿದುಳಿನ ಮಾದರಿ ಬೆಳೆಸುತ್ತದೆ. ಇದಕ್ಕೆ ಆರ್ಗನಾಯ್ಡ್ ಎನ್ನುತ್ತಾರೆ. ಅದು ಯೋಚನೆ ಮಾಡುವ ಮಿದುಳಲ್ಲ, ಮಿದುಳು ಕಟ್ಟುವ ಮೊದಲ ಹಂತಗಳ ನಕಲು ಅಷ್ಟೇ. ಮನುಷ್ಯನ ಕೋಶದಿಂದ ಒಂದು, ಗೊರಿಲ್ಲದ್ದು ಒಂದು, ಚಿಂಪಾಂಜಿಯದು ಒಂದು, ಹೀಗೆ ಅಕ್ಕಪಕ್ಕ ಬೆಳೆಸಿದರು. 2021ರಲ್ಲಿ ಪ್ರಕಟವಾದ ಫಲಿತಾಂಶ ಇದು: ಬಿತ್ತನೆ ಕೋಶಗಳು ಮೊದಲ ಆಕಾರ ಬಿಟ್ಟು ಮುಂದಿನ ಹಂತಕ್ಕೆ ಹೋಗಲು ಗೊರಿಲ್ಲದಲ್ಲಿ ಸುಮಾರು 5 ದಿನ, ಮನುಷ್ಯನಲ್ಲಿ ಸುಮಾರು 7 ದಿನ. ಎರಡೇ ದಿನ! ಝೆಬ್2 ಎಂಬ ಜೀನ್ ಗೊರಿಲ್ಲದಲ್ಲಿ ಬೇಗ ಎದ್ದು ಕೂರುತ್ತದೆ, ನಮ್ಮಲ್ಲಿ ತಡವಾಗಿ. ಆ ಜೀನನ್ನು ಮನುಷ್ಯನ ಮಾದರಿಯಲ್ಲಿ ಬೇಗ ಎಬ್ಬಿಸಿದಾಗ ಅದು ಗೊರಿಲ್ಲದ ಹಾಗೆ ನಡೆದುಕೊಂಡಿತು. ಝೆಬ್2 ನಮ್ಮದೇ ಸ್ವಂತ ಜೀನ್ ಅಲ್ಲ, ಗೊರಿಲ್ಲಕ್ಕೂ ಇದೆ. ಅಲಾರಂ ಇಟ್ಟ ಸಮಯ ಮಾತ್ರ ಬೇರೆ.

ಹಾಗಾದರೆ ನಮಗೆ ಮಾತ್ರ ಇರುವ ಜೀನ್‌ಗಳೇ ಇಲ್ವಾ? ಇವೆ. ಅವು ಬಂದ ದಾರಿ ಮಾತ್ರ ಬಲು ತಮಾಷೆ.

ನಿಮ್ಮ ಹೊಲದ ಪಹಣಿಯನ್ನು ಜೆರಾಕ್ಸ್ ಮಾಡಿಸಿದಿರಿ ಅನ್ನಿ. ಮಷೀನ್ ತಪ್ಪಿ ಎರಡು ಕಾಪಿ ಬಂತು. ಒಂದರಲ್ಲಿ ಅರ್ಧ ಪುಟ ಕಟ್. ಅಸಲು ಬೀರುವಿನಲ್ಲಿ ಭದ್ರವಾಗಿದೆ. ಆ ಕೆಟ್ಟ ಕಾಪಿಯ ಮೇಲೆ ಮಕ್ಕಳು ಏನು ಗೀಚಿದರೂ ಯಾರೂ ಬೈಯುವುದಿಲ್ಲ. ಡಿಎನ್‌ಎಯಲ್ಲಿ ಹೀಗೇ ಆಗುತ್ತದೆ. ಕೋಶ ತನ್ನ ಡಿಎನ್‌ಎ ನಕಲು ಮಾಡುವಾಗ ಎಡವಟ್ಟಾಗಿ ಒಂದು ತುಂಡು ಎರಡು ಸಲ ಬಂದುಬಿಡುತ್ತದೆ. ಅಸಲು ಜೀನ್ ತನ್ನ ಕೆಲಸ ಮಾಡಿಕೊಂಡಿರುತ್ತದೆ. ನಕಲು ಖಾಲಿ ಕೂತಿರುತ್ತದೆ. ಕೆಲವೊಮ್ಮೆ ಆ ನಕಲಿನ ಮೇಲಿನ ಗೀಚಾಟದಿಂದಲೇ ಒಂದು ಹೊಸ ಕೆಲಸ ಹುಟ್ಟುತ್ತದೆ.

ಎಆರ್‌ಎಚ್‌ಗ್ಯಾಪ್11ಬಿ ಎಂಬ ಜೀನ್ ಇಂಥ ಅರ್ಧ ಕಾಪಿ. ಹುಟ್ಟಿದ್ದು ಸುಮಾರು 50 ಲಕ್ಷ ವರ್ಷದ ಹಿಂದೆ, ಚಿಂಪಾಂಜಿಯ ದಾರಿಯಿಂದ ನಾವು ಬೇರೆಯಾದ ಮೇಲೆ. ಜರ್ಮನಿಯ ಡ್ರೆಸ್ಡೆನ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ವೀಲಾಂಡ್ ಹಟ್ನರ್ ತಂಡ 2015ರಲ್ಲಿ ಅದರ ಕೆಲಸ ಏನೆಂದು ತೋರಿಸಿತು: ಬಿತ್ತನೆ ಕೋಶಗಳನ್ನು ಹೆಚ್ಚಿಸುವುದು. ಇದಕ್ಕೆ ಕಾರಣ ಆ ಕಾಪಿಯಲ್ಲಿ ಬದಲಾದ ಒಂದೇ ಒಂದು ಅಕ್ಷರ. ಒಂದು ಸಿ ಹೋಗಿ ಜಿ ಆಗಿದೆ. ಅದರಿಂದ ಪ್ರೋಟೀನಿನ ಬಾಲವೇ ಬೇರೆಯಾಗಿ ಹೊಸ ಕೆಲಸ ಬಂತು. 2020ರಲ್ಲಿ ಜಪಾನಿನ ವಿಜ್ಞಾನಿಗಳ ಜೊತೆ ಸೇರಿ ಈ ಜೀನನ್ನು ಮಾರ್ಮೊಸೆಟ್ ಎಂಬ ಪುಟ್ಟ ಕೋತಿಯ ಭ್ರೂಣಕ್ಕೆ ಸೇರಿಸಿದರು. ಆ ಕೋತಿಯ ಮಿದುಳು ಸಾಮಾನ್ಯವಾಗಿ ನುಣುಪು. ಜೀನ್ ಸೇರಿದ ಭ್ರೂಣದಲ್ಲಿ ತೊಗಟೆ ದೊಡ್ಡದಾಯಿತು, ಮಡಿಕೆಯೂ ಬಿತ್ತು. ಆ ಭ್ರೂಣಗಳನ್ನು ಹುಟ್ಟಲು ಬಿಡಲಿಲ್ಲ. ಹುಟ್ಟಿದ್ದರೆ ಅದು ಏನಾಗಿರುತ್ತಿತ್ತು, ಅದರ ಹೊಣೆ ಯಾರದ್ದು ಎಂಬ ಪ್ರಶ್ನೆಗೆ ಉತ್ತರ ಇಲ್ಲದೆ ಮುಂದೆ ಹೋಗಬಾರದು ಎಂಬ ತೀರ್ಮಾನ. ಸರಿಯಾದ ತೀರ್ಮಾನ ಅಂತಲೇ ನನಗನ್ನಿಸುತ್ತದೆ.

ಇನ್ನೊಂದು ನಾಚ್2ಎನ್ಎಲ್. ಇದೂ ಕಾಪಿಯೇ. ಚಿಂಪಾಂಜಿ, ಗೊರಿಲ್ಲಗಳಲ್ಲೂ ಇದರ ತುಂಡುಗಳಿವೆ, ಆದರೆ ಕೆಲಸಕ್ಕೆ ಬಾರದವು. ನಮ್ಮಲ್ಲಿ ಒಂದರ ಪಕ್ಕ ಒಂದು ಕೆಲಸ ಮಾಡುವ ಮೂರು ಕಾಪಿಗಳು ಒಂದನೇ ವರ್ಣತಂತುವಿನಲ್ಲಿ (ಕ್ರೋಮೋಸೋಮ್) ಇವೆ. ಕ್ಯಾಲಿಫೋರ್ನಿಯಾದ ಡೇವಿಡ್ ಹೌಸ್ಲರ್ ತಂಡ ಮತ್ತು ಬೆಲ್ಜಿಯಂನ ಪಿಯರ್ ವಾಂಡರ್‌ಹೇಗನ್ ತಂಡ 2018ರಲ್ಲಿ ಇದನ್ನು ಬೇರೆ ಬೇರೆಯಾಗಿ ಕಂಡುಕೊಂಡವು. ಇದೂ ಅದೇ ಹಾಡು ಹಾಡುತ್ತದೆ: 'ಗಾಣಕ್ಕೆ ಈಗಲೇ ಬೇಡ, ಬಿತ್ತನೆಗೆ ಇರಲಿ.' ಆದರೆ ಜೆರಾಕ್ಸ್ ಕಾಪಿಗಳು ಒಂದೇ ತರಹ ಇದ್ದರೆ ಕಲಸಿಹೋಗುವ ಅಪಾಯವೂ ಇದೆಯಲ್ಲ. ಮುಂದಿನ ಸಲ ನಕಲಾಗುವಾಗ ಈ ಜಾಗದಲ್ಲಿ ತುಂಡು ಬಿಟ್ಟುಹೋಗುವುದು, ಹೆಚ್ಚು ಸೇರುವುದು ನಡೆಯುತ್ತದೆ. ಬಿಟ್ಟುಹೋದರೆ ಕೆಲವರಲ್ಲಿ ತಲೆ ಚಿಕ್ಕದಾಗುತ್ತದೆ, ಸ್ಕಿಜೋಫ್ರೀನಿಯಾ ಎಂಬ ಮಾನಸಿಕ ಕಾಯಿಲೆಯ ಸಾಧ್ಯತೆ ಹೆಚ್ಚು. ಹೆಚ್ಚಾದರೆ ತಲೆ ದೊಡ್ಡದು, ಆಟಿಸಂನ ಸಾಧ್ಯತೆ ಹೆಚ್ಚು. ಮಿದುಳು ಬೆಳೆಸಿಕೊಟ್ಟ ಎಡವಟ್ಟಿಗೆ ನಾವು ಇವತ್ತಿಗೂ ಬಡ್ಡಿ ಕಟ್ಟುತ್ತಿದ್ದೇವೆ.

ಮನುಷ್ಯನ ಜೀನೋಮನ್ನು 2001ರಲ್ಲಿ ಮೊದಲು ಓದಿದಾಗ ಈ ಜಾಗಗಳೇ ಸರಿಯಾಗಿ ಓದಲು ಬಂದಿರಲಿಲ್ಲ. ಒಂದೇ ತರಹದ ಕಾಪಿಗಳು ಪಕ್ಕಪಕ್ಕ ಇದ್ದರೆ ಯಾವುದು ಯಾವುದೆಂದು ತಿಳಿಯುವುದು ಕಷ್ಟ. ಉಳಿದಿದ್ದ ಸುಮಾರು 8% ಭಾಗ ತುಂಬಿ ಪೂರ್ತಿ ಜೀನೋಮ್ ಬಂದಿದ್ದು 2022ರಲ್ಲಿ. ನಮ್ಮನ್ನು ಮನುಷ್ಯರನ್ನಾಗಿ ಮಾಡಿದ ಪುಟಗಳಲ್ಲಿ ಕೆಲವು ಇಪ್ಪತ್ತು ವರ್ಷ ಅಂಟಿಕೊಂಡೇ ಇದ್ದವು.

ನನಗೆ ಜಾಸ್ತಿ ಇಷ್ಟವಾದದ್ದು ಮೂರನೆಯದು, ಎಸ್ಆರ್‌ಗ್ಯಾಪ್2ಸಿ. ಸುಮಾರು 24 ಲಕ್ಷ ವರ್ಷದ ಹಿಂದೆ ಬಂದ ಕಾಪಿ. ಇದು ಕೋಶಗಳ ಸಂಖ್ಯೆಗೆ ಕೈ ಹಾಕುವುದಿಲ್ಲ. ನರಕೋಶಗಳ ನಡುವಿನ ಸಂಪರ್ಕ, ಅಂದರೆ ಸಿನಾಪ್ಸ್, ಪಕ್ವವಾಗುವುದನ್ನು ತಡ ಮಾಡುತ್ತದೆ. ಅಸಲು ಜೀನ್ 'ಬೇಗ ಬಲಿ' ಎಂದರೆ ಈ ಹರಿದ ಕಾಪಿ ಹೋಗಿ ಅದರ ಕೈ ಹಿಡಿದುಕೊಳ್ಳುತ್ತದೆ. 2012ರಲ್ಲಿ ಇಲಿಗಳಲ್ಲಿ ಈ ಜೀನ್ ಹಾಕಿ ನೋಡಿದಾಗ ಸಂಪರ್ಕಗಳು ನಿಧಾನವಾಗಿ ಬಲಿತವು, ಆದರೆ ಸಂಖ್ಯೆಯಲ್ಲಿ ಹೆಚ್ಚಾದವು.

ಕುರಿಮರಿ ಹುಟ್ಟಿದ ಗಂಟೆಯೊಳಗೆ ಎದ್ದು ನಿಂತು ತಾಯಿಯ ಕೆಚ್ಚಲು ಹುಡುಕುತ್ತದೆ. ನಮ್ಮ ಮಗು ಕತ್ತು ನಿಲ್ಲಿಸಲಿಕ್ಕೇ ತಿಂಗಳುಗಳು ಬೇಕು. ಹುಟ್ಟಿದಾಗ ಮಗುವಿನ ಮಿದುಳು ದೊಡ್ಡವರದ್ದಕ್ಕಿಂತ ಮೂರರಿಂದ ನಾಲ್ಕು ಪಟ್ಟು ಚಿಕ್ಕದು. ಹೊರಗೆ ಬಂದ ಮೇಲೆ, ಗಲಾಟೆ, ಜೋಗುಳ, ಅಜ್ಜಿ ಕತೆ, ಬೀದಿ ನಾಯಿ, ಎಲ್ಲದರ ನಡುವೆ ಅದು ಬೆಳೆಯುತ್ತದೆ. ಹಣೆಯ ಹಿಂದಿನ ಭಾಗದಲ್ಲಿ ಬೇಡದ ಸಂಪರ್ಕಗಳನ್ನು ಕತ್ತರಿಸುವ ಕೆಲಸ ಇಪ್ಪತ್ತರ ವಯಸ್ಸು ದಾಟಿದರೂ ನಡೆದಿರುತ್ತದೆ. ಪಿಯು ಹುಡುಗರಿಗೆ ಪಾಠ ಮಾಡುವ ನನಗೆ ಇದಕ್ಕೆ ಬೇರೆ ಪುರಾವೆ ಬೇಕಿಲ್ಲ.

ಇದರ ಖರ್ಚು ಯಾರು ಕೊಡುತ್ತಾರೆ? ಊಟ ಕೊಡುತ್ತದೆ. ದೊಡ್ಡವರು ಸುಮ್ನೆ ಕೂತಾಗ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಐದನೇ ಒಂದು ಭಾಗ ಮಿದುಳಿಗೆ. ಮಕ್ಕಳಲ್ಲಿ ಇದು ಎಷ್ಟು ಎಂದು ಅಮೆರಿಕದ ಕ್ರಿಸ್ಟೋಫರ್ ಕುಝಾವಾ ತಂಡ 2014ರಲ್ಲಿ ಲೆಕ್ಕ ಹಾಕಿತು. ನಾಲ್ಕೈದು ವರ್ಷದ ಹೊತ್ತಿಗೆ ಅದು ಶೇ 66ರ ಹತ್ತಿರ ಹೋಗುತ್ತದೆ. ಆ ವಯಸ್ಸಲ್ಲಿ ದೇಹದ ಬೆಳವಣಿಗೆ ತೀರಾ ನಿಧಾನ, ಮಿದುಳೇ ಎಲ್ಲಾ ನುಂಗುತ್ತಿರುತ್ತದೆ. ನಮ್ಮಕ್ಕನ ಮಗನ ವಯಸ್ಸು ಇದೇ ಅಲ್ವಾ? ಆ ಬೆರಳಚ್ಚಿನ ದುಡ್ಡಿಗೆ ಎಷ್ಟು ಡಜನ್ ಮೊಟ್ಟೆ ಬರುತ್ತಿತ್ತು ಅಂತ ಲೆಕ್ಕ ಹಾಕಿದೆ, ಅಕ್ಕನಿಗೆ ಹೇಳಲಿಲ್ಲ. ಅಂಗನವಾಡಿಯಲ್ಲಿ ಕೊಡುವ ಮೊಟ್ಟೆ ಬಗ್ಗೆ ನಮ್ಮಲ್ಲಿ ಆಗುವ ಜಗಳಗಳನ್ನು ನೋಡುವಾಗಲೂ ಈ 66 ನೆನಪಾಗುತ್ತದೆ.

'ಬುದ್ಧಿಯ ಜೀನ್' ಅಂತ ಹೇಳಿ ಕೈ ಸುಟ್ಟುಕೊಂಡವರಲ್ಲಿ ದೊಡ್ಡ ವಿಜ್ಞಾನಿಗಳೂ ಇದ್ದಾರೆ. ಎಎಸ್‌ಪಿಎಂ ಎಂಬ ಜೀನ್ ಕೆಟ್ಟರೆ ಬಿತ್ತನೆ ಕೋಶಗಳು ಸರಿಯಾಗಿ ಒಡೆಯುವುದಿಲ್ಲ, ಮಗು ತೀರಾ ಚಿಕ್ಕ ತಲೆಯೊಂದಿಗೆ ಹುಟ್ಟುತ್ತದೆ. ಇದು ನಿಜ. ಆದರೆ 2005ರಲ್ಲಿ ಷಿಕಾಗೋದ ಬ್ರೂಸ್ ಲಾನ್ ತಂಡ ಈ ಜೀನಿನ ಒಂದು ಬಗೆ ಕೆಲವು ಜನಾಂಗಗಳಲ್ಲಿ ಈಚೆಗೆ ವೇಗವಾಗಿ ಹರಡಿದೆ ಎಂದಿತು. ಕೆಲವರು ಅದನ್ನು ಹಿಡಿದು ಬುದ್ಧಿವಂತ ಜನಾಂಗ, ದಡ್ಡ ಜನಾಂಗ ಅಂತ ಮಾತಾಡಲು ಶುರು ಮಾಡಿದರು. ಆಮೇಲೆ ಬೇರೆಯವರು ಅಳೆದು ನೋಡಿದಾಗ ಆ ಬಗೆಗೂ ಐಕ್ಯೂಗೂ, ಮಿದುಳಿನ ಗಾತ್ರಕ್ಕೂ ನಂಟು ಸಿಗಲಿಲ್ಲ. 2022ರಲ್ಲಿ ಟಿಕೆಟಿಎಲ್1 ಎಂಬ ಇನ್ನೊಂದು ಜೀನಿನ ಒಂದು ಬದಲಾವಣೆ ನಮ್ಮನ್ನು ಅಳಿದುಹೋದ ದಾಯಾದಿಗಳಾದ ನಿಯಾಂಡರ್ತಲ್‌ಗಳಿಂದ ಬೇರೆ ಮಾಡಿತು ಎಂಬ ಸುದ್ದಿ ಬಂತು. ಮರುವರ್ಷವೇ, ಹಳೆಯ ಬಗೆ ಇಟ್ಟುಕೊಂಡು ಇವತ್ತಿಗೂ ಓಡಾಡುವ ಮನುಷ್ಯರಿದ್ದಾರೆ ಎಂದು ಬೇರೆ ವಿಜ್ಞಾನಿಗಳು ತೋರಿಸಿದರು. ಮಿದುಳು ಒಂದೇ ಕೈಯ ಅಡುಗೆ ಅಲ್ಲ.

ಎಎಸ್‌ಪಿಎಂ ವಿಷಯದಲ್ಲಿ ನಮ್ಮ ಕಡೆಯವರು ತಿಳಿಯಬೇಕಾದ್ದು ಬೇರೆಯೇ ಇದೆ. ಸೋದರಮಾವನಿಗೆ ಕೊಡುವುದು, ಅತ್ತೆ ಮಗನಿಗೆ ಕೊಡುವುದು ನಮ್ಮಲ್ಲಿ ಇನ್ನೂ ನಿಂತಿಲ್ಲ. ಕೆಟ್ಟ ಕಾಪಿ ಒಂದೇ ಇದ್ದರೆ ಏನೂ ಆಗುವುದಿಲ್ಲ, ಅಪ್ಪನಿಂದ ಒಂದು ಅಮ್ಮನಿಂದ ಒಂದು ಬಂದರೆ ಕಾಯಿಲೆ. ಗಂಡ ಹೆಂಡತಿ ಒಂದೇ ಅಜ್ಜನ ಕುಡಿಗಳಾದರೆ ಇಬ್ಬರಲ್ಲೂ ಅದೇ ಕೆಟ್ಟ ಕಾಪಿ ಇರುವ ಸಾಧ್ಯತೆ ಜಾಸ್ತಿ. ಇಬ್ಬರಲ್ಲೂ ಇದ್ದರೆ ಪ್ರತಿ ಬಸಿರಿಗೂ ನಾಲ್ಕರಲ್ಲಿ ಒಂದು ಅಪಾಯ. ಇಂಥ ಮನೆಗಳಿಗೆ ನಿಜವಾದ ಜೀನ್ ಪರೀಕ್ಷೆ, ವೈದ್ಯರ ಸಲಹೆ ಎರಡೂ ಉಪಯೋಗಕ್ಕೆ ಬರುತ್ತವೆ. ರಕ್ತ ಕೊಡಬೇಕು, ಬೆರಳಚ್ಚಲ್ಲ.

ಈಗ ಬೆರಳಿಗೆ ಬರೋಣ. ತುದಿಯ ಗೆರೆಗಳು ಹೇಗೆ ಮೂಡುತ್ತವೆ ಎಂಬುದನ್ನು ಎಡಿನ್‌ಬರಾದ ತಂಡವೊಂದು 2023ರಲ್ಲಿ ವಿವರಿಸಿತು. ಬೆರಳ ಮೆತ್ತೆಯ ನಡುವೆ, ಉಗುರಿನ ಹತ್ತಿರ, ಗೆಣ್ಣಿನ ಹತ್ತಿರ, ಹೀಗೆ ಮೂರು ಕಡೆಯಿಂದ ಗೆರೆಗಳು ಅಲೆಯ ಹಾಗೆ ಹರಡುತ್ತವೆ. ಅವು ಎಲ್ಲಿ ಎದುರಾಗುತ್ತವೆ ಎಂಬುದರ ಮೇಲೆ ಸುಳಿಯೋ ಕಮಾನೋ ಆಗುತ್ತದೆ. 2022ರ ಇನ್ನೊಂದು ಅಧ್ಯಯನದಲ್ಲಿ ಈ ವಿನ್ಯಾಸಗಳ ಜೊತೆ ನಂಟಿರುವ ಜೀನ್‌ಗಳು ಬಹುಪಾಲು ಕೈಕಾಲು ರೂಪಿಸುವ ಜೀನ್‌ಗಳು ಎಂದು ಗೊತ್ತಾಯಿತು. ಇನ್ನು, ಒಂದೇ ಡಿಎನ್‌ಎ ಇರುವ ಅವಳಿಗಳ ಬೆರಳಚ್ಚು ಕೂಡ ಬೇರೆ ಬೇರೆ. ಜೀನ್ ಓದುವ ಕನ್ನಡಿ ಅಂತ ಇದನ್ನು ಯಾವ ಬಾಯಲ್ಲಿ ಹೇಳುವುದು?

ಆದರೆ ನನ್ನ ದೊಡ್ಡ ತಕರಾರು ವಾರಗಳ ಲೆಕ್ಕದ ಬಗ್ಗೆ. 19ನೇ ವಾರದ ಹೊತ್ತಿಗೆ ಬೆರಳಿನ ಗೆರೆಯ ಕೆಲಸ ಮುಗಿದಿರುತ್ತದೆ. ಆಮೇಲೆ ಸಾಯುವವರೆಗೂ ಅದೇ ಗೆರೆ. ಅದೇ ವಾರ ಮಿದುಳಿನ ಮೇಲ್ಮೈ ಇನ್ನೂ ಹೆಚ್ಚುಕಡಿಮೆ ನುಣುಪಾಗಿರುತ್ತದೆ. ಮಟನ್ ಅಂಗಡಿಯಲ್ಲಿ ನೋಡಿದೆವಲ್ಲ, ಅಂಥ ಮಡಿಕೆಗಳು ಕೊನೆಯ ಮೂರು ತಿಂಗಳಲ್ಲಿ ಜೋರಾಗಿ ಬೀಳುವಂಥವು. ನರಕೋಶಗಳು ಇನ್ನೂ ಹುಟ್ಟುತ್ತಿರುತ್ತವೆ, ತಮ್ಮ ಜಾಗಕ್ಕೆ ಹತ್ತಿ ಹೋಗುತ್ತಿರುತ್ತವೆ. 50 ಲಕ್ಷ ವರ್ಷದಿಂದ ಒಂದರ ಮೇಲೊಂದು ಎಡವಟ್ಟು ಸೇರಿ, ಮುಗಿಸುವುದನ್ನು ಆದಷ್ಟು ಮುಂದಕ್ಕೆ ಹಾಕುವಂತೆ ಕಟ್ಟಿದ ಅಂಗ ಇದು. ಅದರ ಜಾತಕವನ್ನು ಐದನೇ ತಿಂಗಳಿಗೇ ಕೆಲಸ ಮುಗಿಸಿ ಕೂತ ಚರ್ಮದಲ್ಲಿ ಓದುತ್ತೇವೆ ಅನ್ನುತ್ತಾರೆ.

ಇದನ್ನು ಅಕ್ಕನಿಗೆ ಬಾಯಲ್ಲಿ ಹೇಳಿದರೆ ಸಾಲದು ಅನ್ನಿಸಿತು. ಮದ್ರಾಸ್ ಐಐಟಿಯ ಸುಧಾ ಗೋಪಾಲಕೃಷ್ಣನ್ ಮಿದುಳು ಕೇಂದ್ರದವರು 2024ರ ಡಿಸೆಂಬರಿನಲ್ಲಿ 'ಧರಣಿ' ಎಂಬ ಚಿತ್ರಸಂಗ್ರಹ ಬಿಡುಗಡೆ ಮಾಡಿದ್ದಾರೆ. ಬಸಿರಿನ ನಾಲ್ಕರಿಂದ ಆರನೇ ತಿಂಗಳ ನಡುವಿನ ಐದು ಭ್ರೂಣಗಳ ಮಿದುಳನ್ನು ತೆಳ್ಳಗೆ ಕೊಯ್ದು ತೆಗೆದ 5,132 ಚಿತ್ರಗಳು, ಕೋಶದ ಮಟ್ಟದವರೆಗೆ ಹಿಗ್ಗಿಸಿ ನೋಡಬಹುದು. ಯಾರು ಬೇಕಾದರೂ ನೋಡಬಹುದು, ದುಡ್ಡಿಲ್ಲ. ಹೋದ ಭಾನುವಾರ ದುರ್ಗಕ್ಕೆ ಹೋದಾಗ ಲ್ಯಾಪ್‌ಟಾಪಿನಲ್ಲಿ ತೆಗೆದು ತೋರಿಸಿದೆ. ಅಂಚಿನ ಉದ್ದಕ್ಕೂ ಮಡಿಕೆಯಿಲ್ಲದೆ ಸಾಗುವ ತೊಗಟೆ, ಒಳಗಡೆ ಒತ್ತೊತ್ತಾಗಿ ನೇರಳೆ ಬಣ್ಣದಲ್ಲಿ ಕೋಶಗಳ ಪಟ್ಟಿ. ಹುಡುಗ ತೊಡೆ ಮೇಲೆ ಕೂತು ನೋಡಿದ. "ಮಾಮಾ, ಇದು ಆಲೂಗಡ್ಡೆನಾ?" ಎಂದ.

ಅಕ್ಕ ತುಂಬಾ ಹೊತ್ತು ನೋಡಿದಳು. ಆಮೇಲೆ ಒಳಗೆ ಹೋಗಿ ಬೀರುವಿನಿಂದ ರಸೀದಿ ತಂದಳು. ಹಿಂಬದಿಯಲ್ಲಿ, ಕನ್ನಡಕ ಹಾಕಿಕೊಂಡರೆ ಮಾತ್ರ ಕಾಣುವಷ್ಟು ಸಣ್ಣ ಅಕ್ಷರದಲ್ಲಿ ಎರಡು ಸಾಲು ಇತ್ತು. ಕಟ್ಟಿದ ಹಣ ವಾಪಸ್ ಇಲ್ಲ ಎಂದು ಒಂದು. ವರದಿಯಲ್ಲಿ ಹೇಳಿದ್ದಕ್ಕೆ ಸಂಸ್ಥೆ ಹೊಣೆಯಲ್ಲ ಎಂದು ಇನ್ನೊಂದು.

"ಭಾವನಿಗೆ ಹೇಳಬೇಡ" ಎಂದಳು.